ಹೂವಿನ ಮೇಲಿನ ಏಡಿ ಜೇಡಕ್ಕೆ ಔಷಧಿ ಹೊಡೆಯಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕೈತೋಟದ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಕಳೆದ ವಾರ ಅಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ತಾರಸಿ ಮೇಲಿನ ಸೇವಂತಿಗೆ ಗಿಡದಲ್ಲಿ ಹೂವಿನ ಬಣ್ಣದ್ದೇ ಪುಟ್ಟ ಜೇಡಗಳು ಕೂತಿರುತ್ತವೆ, ಹೂ ಕೀಳಲು ಭಯ, ಏನು ಮಾಡಲಿ ಅಂತ. ಉತ್ತರ ಎರಡೇ ಸಾಲಿನದ್ದು: ಕೀಟನಾಶಕವನ್ನು ನೀರಿಗೆ ಬೆರೆಸಿ ಹೂವಿಗೂ ಎಲೆಯ ಅಡಿಗೂ ಬೀಳುವ ಹಾಗೆ ವಾರಕ್ಕೊಮ್ಮೆ ಹೊಡೆಯಿರಿ. ಈ ಉತ್ತರವನ್ನು ದಯವಿಟ್ಟು ತಿದ್ದಿ. ಆ ಜೇಡದಿಂದ ಸೇವಂತಿಗೆಗೆ ಒಂದಿಷ್ಟೂ ತೊಂದರೆ ಇಲ್ಲ. ಮನುಷ್ಯರಿಗಂತೂ ಇಲ್ಲವೇ ಇಲ್ಲ. ತೊಂದರೆ ಆಗುವುದಿದ್ದರೆ ವಾರವಾರ ಬೀಳುವ ಆ ಔಷಧಿಯಿಂದ, ಅದೂ ನಾವು ದೇವರಿಗೆ ಏರಿಸಿ ಆಮೇಲೆ ತಲೆಗೆ ಮುಡಿಯುವ ಹೂವಿನ ಮೇಲೆ.

ಅದು ಏಡಿ ಜೇಡ. ಮುಂದಿನ ಎರಡು ಜೋಡಿ ಕಾಲು ಉದ್ದ ಮತ್ತು ದಪ್ಪ, ಹಿಂದಿನ ಎರಡು ಜೋಡಿ ಗಿಡ್ಡ. ಗದ್ದೆಯ ಏಡಿ ಹಾಗೆ ಅಡ್ಡಡ್ಡ ಸರಿಯುತ್ತದೆ, ಬೇಕಾದರೆ ಹಿಂದಕ್ಕೂ ನಡೆಯುತ್ತದೆ. ಮೂಲೆಯಲ್ಲಿ ಬಲೆ ಕಟ್ಟುವ ಜೇಡ ಇದಲ್ಲ. ಬಲೆ ನೇಯ್ದು ಬೇಟೆ ಹಿಡಿಯುವ ಕೆಲಸವೇ ಇದಕ್ಕಿಲ್ಲ, ಹೂವೇ ಇದರ ಬಲೆ. ವಿಜ್ಞಾನಿಗಳು ತೋಮಿಸಿಡೆ ಅಂತ ಕರೆಯುವ ಕುಟುಂಬದ್ದು. ಪ್ರಪಂಚದಲ್ಲಿ ಇವತ್ತಿಗೆ ಹೆಸರಿಟ್ಟಿರುವ ಜೇಡಗಳ ಜಾತಿ 2022ರಲ್ಲೇ 50,000 ದಾಟಿತು, ಅದರಲ್ಲಿ 2,000ಕ್ಕೂ ಜಾಸ್ತಿ ಈ ಏಡಿ ಜೇಡಗಳೇ. ನಮ್ಮ ಸೇವಂತಿಗೆ, ಗುಲಾಬಿ, ತುಂಬೆ, ಚೆಂಡು ಹೂವಿನಲ್ಲಿ ಸಿಗುವವು ಹೆಚ್ಚಾಗಿ ತೋಮಿಸಸ್ ಅನ್ನುವ ಕುಲದವು. ಗುರುತು ಹಿಡಿಯುವುದು ಸುಲಭ. ಹೊಟ್ಟೆ ದುಂಡಗಿರುವುದಿಲ್ಲ, ಹಿಂದೆ ಅಗಲವಾಗಿ ಐದು ಮೂಲೆ ಇರುವ ಹಾಗೆ ಕಾಣುತ್ತದೆ. ಮುಖದ ಎರಡೂ ಬದಿಯಲ್ಲಿ ಸಣ್ಣ ಕೊಂಬಿನ ಹಾಗೆ ಎದ್ದಿರುತ್ತದೆ, ಆ ಕೊಂಬಿನ ಬದಿಯಲ್ಲಿ ಕಣ್ಣು. ಎಲ್ಲ ಸೇರಿ ಎಂಟು ಕಣ್ಣು, ಎರಡು ಸಾಲಾಗಿ. ಕಾಲೂ ಎಂಟು, ಹಾಗಾಗಿ ಇದು ಕೀಟವೇ ಅಲ್ಲ.

ಇದು ಎಲೆ ತಿನ್ನುವುದಿಲ್ಲ, ಗಿಡದ ರಸ ಹೀರುವುದಿಲ್ಲ, ಮೊಗ್ಗು ಕೊರೆಯುವುದಿಲ್ಲ. ಸೇವಂತಿಗೆಯ ದಳ ತೂತಾಗಿದ್ದರೆ, ಎಲೆ ಮುದುಡಿದ್ದರೆ, ಚಿಗುರಿಗೆ ಬಿಳಿ ಹಿಟ್ಟು ಮೆತ್ತಿದ್ದರೆ ಅದಕ್ಕೆ ಬೇರೆ ಯಾರೋ ಕಾರಣ. ಜೇಡವನ್ನು ಕಂಡ ಜಾಗದಲ್ಲೇ ರೋಗವೂ ಕಂಡರೆ ಜೇಡದಿಂದಲೇ ರೋಗ ಅಂದುಕೊಳ್ಳುವುದು ಸಹಜ, ಆದರೆ ಹುಳುಗಳು ಜಾಸ್ತಿ ಆದ ಕಡೆಗೆ ಅವನ್ನು ಹಿಡಿಯುವ ಜೇಡವೂ ಬರುತ್ತದೆ ಅಲ್ವಾ?

ಇದರ ಬೇಟೆಯನ್ನು ಹತ್ತಿರದಿಂದ ಒಮ್ಮೆ ನೋಡಿದವರು ಔಷಧಿ ಡಬ್ಬಕ್ಕೆ ಕೈ ಹಾಕುವುದಿಲ್ಲ ಅನ್ನುವುದು ನನ್ನ ನಂಬಿಕೆ. ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮಳೆಗಾಲ ಮುಗಿಯುತ್ತ ಬಂದಾಗ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಬದಿಯಲ್ಲಿ, ಖಾಲಿ ಸೈಟುಗಳಲ್ಲಿ ತುಂಬೆ ಗಿಡ ಮೊಣಕಾಲೆತ್ತರಕ್ಕೆ ಬೆಳೆದು ನಿಂತಿರುತ್ತದೆ. ಗಂಟು ಗಂಟಾಗಿ ಬಿಟ್ಟ ಬಿಳಿ ಹೂವಿನ ನಡುವೆ ಬಿಳಿ ಜೇಡ. ಮುಂದಿನ ನಾಲ್ಕೂ ಕಾಲನ್ನು ಎರಡು ಕಡೆಗೆ ಚಾಚಿಕೊಂಡು, ಹಿಂದಿನ ಕಾಲಿನಿಂದ ಹೂವನ್ನು ಹಿಡಿದು ಕೂತಿರುತ್ತದೆ. ಗಂಟೆಗಟ್ಟಲೆ ಕೂತಿರುತ್ತದೆ, ಅಲ್ಲಾಡುವುದಿಲ್ಲ. ಒಂದು ತುಡುವೆ ಜೇನು ಬರುತ್ತದೆ. ಪಕ್ಕದ ಹೂವಿಗೆ ಮೊದಲು. ಜೇಡ ಆಗ ಹಾರಿ ಬೀಳುವುದಿಲ್ಲ, ನಿಧಾನವಾಗಿ, ನಮ್ಮ ಕಣ್ಣಿಗೆ ಗೊತ್ತಾಗದಷ್ಟು ನಿಧಾನವಾಗಿ ಜೇನು ಇರುವ ಕಡೆಗೆ ಮೈ ತಿರುಗಿಸಿಕೊಳ್ಳುತ್ತದೆ. ಜೇನು ಇದು ಕೂತ ಗಂಟಿಗೇ ಬಂದು ತಲೆಯನ್ನು ಹೂವಿನೊಳಗೆ ತೂರಿಸಿ ಮಕರಂದ ಹೀರಲು ಶುರು ಮಾಡಿದ ಕ್ಷಣ ನಾಲ್ಕೂ ಕಾಲು ಒಟ್ಟಿಗೆ ಮುಚ್ಚಿಕೊಳ್ಳುತ್ತವೆ. ಕಚ್ಚುವುದು ಎಲ್ಲೆಂದರಲ್ಲಿ ಅಲ್ಲ. ತಲೆಯ ಹಿಂದೆ, ಕತ್ತಿನ ಸಂದಿಯಲ್ಲಿ. ಜೇನಿನ ಮುಳ್ಳು ಇರುವುದು ಹಿಂದುಗಡೆ, ಅದು ಎಷ್ಟು ತಿರುಚಿದರೂ ಅಲ್ಲಿಗೆ ಸಿಗುವುದಿಲ್ಲ. ರೆಕ್ಕೆ ಸ್ವಲ್ಪ ಹೊತ್ತು ಝುಂ ಅನ್ನುತ್ತದೆ. ಆಮೇಲೆ ನಿಲ್ಲುತ್ತದೆ. ತನಗಿಂತ ದೊಡ್ಡ ಪ್ರಾಣಿಯನ್ನು, ಅದೂ ಚುಚ್ಚುವ ಪ್ರಾಣಿಯನ್ನು, ಒಂದು ನೂಲಿನ ಸಹಾಯವೂ ಇಲ್ಲದೆ ಹಿಡಿಯುವುದು ಸಣ್ಣ ಮಾತಲ್ಲ.

ನಂತರ ನೋಡುವುದಕ್ಕೆ ಇನ್ನೂ ಇದೆ. ಬೇರೆ ಎಷ್ಟೋ ಜೇಡಗಳ ಹಾಗೆ ಇದು ಬೇಟೆಯನ್ನು ಅಗಿದು ಮುದ್ದೆ ಮಾಡುವುದಿಲ್ಲ, ಅದರ ದವಡೆಯಲ್ಲಿ ಅಗಿಯುವ ಹಲ್ಲೇ ಇಲ್ಲ. ಕಚ್ಚಿದ ತೂತಿನಿಂದಲೇ ಜೀರ್ಣರಸ ಒಳಗೆ ಬಿಟ್ಟು, ಕರಗಿದ್ದನ್ನು ಹೀರುತ್ತದೆ. ಕೊನೆಗೆ ಉಳಿಯುವುದು ಇಡಿಯಾದ ಜೇನು, ಇಡಿಯಾದ ಚಿಟ್ಟೆ. ಒಳಗೆ ಮಾತ್ರ ಏನೂ ಇಲ್ಲ. ಗಿಡದ ಬುಡದಲ್ಲಿ ಒಂದು ರೆಕ್ಕೆಯೂ ಹರಿಯದೆ ಬಿದ್ದಿರುವ ಚಿಟ್ಟೆ ಸಿಕ್ಕರೆ, ತಲೆ ಎತ್ತಿ ಮೇಲಿನ ಹೂವನ್ನು ಹುಡುಕಿ. ಜೇಡ ಜೇನನ್ನು ಹೀರುತ್ತಿರುವಾಗ ಇನ್ನೊಂದು ಗುಂಪು ಬಂದು ಸೇರುವುದುಂಟು. ಸಾಸಿವೆಗಿಂತ ಚಿಕ್ಕ ಕಪ್ಪು ನೊಣಗಳು ಸತ್ತ ಜೇನಿನ ಮೈಮೇಲೆ ಸಾಲಾಗಿ ಕೂತು ಒಸರುವ ರಸವನ್ನು ನೆಕ್ಕುತ್ತವೆ. ಜೇಡ ಅವುಗಳ ಗೋಜಿಗೆ ಹೋಗುವುದಿಲ್ಲ. ಒಂದು ಹೂವಿನ ಮೇಲೆ ಇಷ್ಟೆಲ್ಲ ನಡೆಯುತ್ತದೆ, ನಾವು ಪಕ್ಕದಲ್ಲೇ ವಾಕಿಂಗ್ ಮಾಡುತ್ತ ದಾಟಿ ಹೋಗಿರುತ್ತೇವೆ.

ಈಗ ನಿಮ್ಮ ಓದುಗರು ಕೇಳುವ ಪ್ರಶ್ನೆ ನನಗೆ ಗೊತ್ತು, ಯಾಕೆಂದರೆ ನಮ್ಮ ಬೀದಿಯಲ್ಲೂ ಎಲ್ಲರೂ ಅದನ್ನೇ ಕೇಳುತ್ತಾರೆ. ಜೇನು ಮೊದಲೇ ಕಡಿಮೆ ಆಗುತ್ತಿದೆ, ಇದು ಜೇನನ್ನೇ ತಿನ್ನುತ್ತದಲ್ಲ, ಕೊಲ್ಲುವುದೇ ಸರಿಯಲ್ಲವೇ? ಇದು ಒಳ್ಳೆಯ ಮನಸ್ಸಿನಿಂದ ಬಂದ ಪ್ರಶ್ನೆ. ಆದ್ದರಿಂದ ನೇರವಾಗಿ ಉತ್ತರ ಹೇಳಬೇಕು. ಹೌದು, ಜೇನನ್ನು ತಿನ್ನುತ್ತದೆ, ಚಿಟ್ಟೆಯನ್ನೂ ತಿನ್ನುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಒಂದು ತುಡುವೆ ಗೂಡಿನಲ್ಲಿ ಸಾವಿರಾರು ಜೇನು ಇರುತ್ತವೆ, ಹೊರಗೆ ಹೋಗಿ ದುಡಿಯುವ ಜೇನಿನ ಆಯಸ್ಸೇ ಕೆಲವು ವಾರ. ಒಂದು ದೊಡ್ಡ ಬೇಟೆ ಸಿಕ್ಕಿದರೆ ಏಡಿ ಜೇಡ ಮತ್ತೆ ದಿನಗಟ್ಟಲೆ ಹಸಿವು ತಡೆಯುತ್ತದೆ. ಇಷ್ಟರಿಂದ ಗೂಡು ಖಾಲಿ ಆಗುವುದಿಲ್ಲ. ಕೀಟನಾಶಕ ಬಿದ್ದ ಹೂವಿಗೆ ಬಂದ ಜೇನಿನ ವಿಷಯ ಹಾಗಲ್ಲ. ಅಲ್ಲಿಗೆ ಬಂದವುಗಳಲ್ಲಿ ಒಂದನ್ನು ಆರಿಸಿ ಹಿಡಿಯುವವರು ಯಾರೂ ಇಲ್ಲ, ಬಂದವೆಲ್ಲ ಸಿಕ್ಕಿಬೀಳುತ್ತವೆ, ಕೆಲವು ವಿಷವನ್ನು ಮೈಗೆ ಮೆತ್ತಿಕೊಂಡು ಗೂಡಿಗೂ ಒಯ್ಯುತ್ತವೆ. ಜೇನಿನ ಮೇಲಿನ ಪ್ರೀತಿಗೆ ಜೇಡಕ್ಕೆ ಔಷಧಿ ಹೊಡೆಯುತ್ತೇನೆ ಅನ್ನುವವರು ಈ ಒಂದು ವಿಷಯವನ್ನು ಯೋಚಿಸಬೇಕು ಅಂತ ಕೈ ಮುಗಿದು ಕೇಳುತ್ತೇನೆ.

ಅದೂ ಅಲ್ಲದೆ ಜೇಡ ಜೇನನ್ನಷ್ಟೇ ತಿನ್ನುವುದಿಲ್ಲ. ನೊಣ, ಪತಂಗ, ಹೂ ತಿನ್ನುವ ಹುಳು, ಕೈಗೆ ಸಿಕ್ಕಿದ್ದೆಲ್ಲ ಆಗುತ್ತದೆ. 2018ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ತಂಡವೊಂದು ಸಾಸಿವೆ ಕುಟುಂಬದ ಒಂದು ಹಳದಿ ಕಾಡುಹೂವಿನ ಬಗ್ಗೆ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಇಷ್ಟ. ಆ ಹೂವು ಜೇನನ್ನು ಕರೆಯಲು ಬಿಡುವ ಒಂದು ಪರಿಮಳ ಏಡಿ ಜೇಡವನ್ನೂ ಕರೆಯುತ್ತದೆ. ಹೂ ತಿನ್ನುವ ಹುಳು ಮುತ್ತಿದಾಗ ಗಿಡ ಅದೇ ಪರಿಮಳವನ್ನು ಇನ್ನೂ ಜಾಸ್ತಿ ಬಿಡುತ್ತದೆ, ಜೇಡಗಳು ಬರುತ್ತವೆ, ಹುಳುಗಳನ್ನು ತಿನ್ನುತ್ತವೆ. ಹುಳುಗಳ ಕಾಟ ಇದ್ದ ಕಡೆ ಜೇಡ ಇದ್ದದ್ದು ಗಿಡಕ್ಕೆ ಲಾಭವೇ ಆಯಿತು. ಅಂದರೆ ಗಿಡವೇ ಕರೆಸಿಕೊಂಡ ಕಾವಲಿನವನನ್ನು ನಾವು ಔಷಧಿ ಹೊಡೆದು ಓಡಿಸುತ್ತಿದ್ದೇವೆ. ಔಷಧಿ ಬಿದ್ದಾಗ ಗಿಡಹೇನೂ ಸಾಯುತ್ತದೆ, ಜೇಡವೂ ಸಾಯುತ್ತದೆ. ಆದರೆ ಗಿಡಹೇನು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತ ಕೆಲವೇ ದಿನಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ಜೇಡ ಅಷ್ಟು ಬೇಗ ಬರುವುದಿಲ್ಲ. ಆಮೇಲೆ ಮತ್ತೆ ಔಷಧಿ. ತಾರಸಿ ತೋಟದವರಲ್ಲಿ ಎಷ್ಟೋ ಜನ ಈ ಸುತ್ತಿನಲ್ಲೇ ಸಿಕ್ಕಿಕೊಂಡಿದ್ದಾರೆ.

ಸೇವಂತಿಗೆಯನ್ನೇ ನಂಬಿ ಎಕರೆಗಟ್ಟಲೆ ಬೆಳೆಯುವ ರೈತರಿಗೆ ನಾನು ಈ ಮಾತು ಹೇಳುತ್ತಿಲ್ಲ. ಅವರ ಕಷ್ಟ ಬೇರೆ, ಲೆಕ್ಕ ಬೇರೆ. ನಾನು ಹೇಳುತ್ತಿರುವುದು ಹತ್ತು ಹದಿನೈದು ಕುಂಡ ಇಟ್ಟುಕೊಂಡು ಬೆಳಿಗ್ಗೆ ಕಾಫಿ ಲೋಟ ಹಿಡಿದು ಗಿಡ ನೋಡುವ ನಮ್ಮಂಥವರಿಗೆ.

ಬಣ್ಣದ ವಿಷಯಕ್ಕೆ ಬರುತ್ತೇನೆ, ಎಲ್ಲರಿಗೂ ಇಷ್ಟವಾಗುವುದು ಅದೇ. ಬಿಳಿ ಹೂವಿನಲ್ಲಿ ಬಿಳಿ, ಹಳದಿ ಹೂವಿನಲ್ಲಿ ಹಳದಿ, ಕೆಲವೊಮ್ಮೆ ನಸುಗುಲಾಬಿ. ಊಸರವಳ್ಳಿಯ ಹಾಗೆ ಕ್ಷಣದಲ್ಲಿ ಬಣ್ಣ ಬದಲಾಗುವುದಿಲ್ಲ. ಈ ಬಗ್ಗೆ ಚೆನ್ನಾಗಿ ಅಧ್ಯಯನ ಆಗಿರುವುದು ಯೂರೋಪ್ ಮತ್ತು ಅಮೆರಿಕದಲ್ಲಿ ಸಿಗುವ ಮಿಸುಮೆನಾ ವಾಟಿಯಾ ಅನ್ನುವ ಏಡಿ ಜೇಡದಲ್ಲಿ. ಅದು ಬಿಳಿಯಿಂದ ಹಳದಿಗೆ ತಿರುಗಲು 10ರಿಂದ 25 ದಿನ ಬೇಕು, ಹಳದಿಯಿಂದ ಬಿಳಿಗೆ ಮರಳಲು ಸುಮಾರು 6 ದಿನ ಸಾಕು. ಹಳದಿ ಬಣ್ಣವನ್ನು ಅದು ಮೈಯೊಳಗೇ ತಯಾರಿಸಿ ಚರ್ಮದ ಹತ್ತಿರಕ್ಕೆ ತರಬೇಕು, ಅದಕ್ಕೇ ಅಷ್ಟು ದಿನ. ಬಿಳಿ ಕಾಣುವುದು ಒಳಗಿರುವ ಗ್ವಾನಿನ್ ಅನ್ನುವ ವಸ್ತುವಿನ ಹರಳುಗಳ ಮೇಲೆ ಬೆಳಕು ಬಿದ್ದು ಹಿಂದಿರುಗುವುದರಿಂದ. ಹೂವನ್ನು ಕಣ್ಣಿನಿಂದ ನೋಡಿಯೇ ಬಣ್ಣ ಬದಲಾಯಿಸಿಕೊಳ್ಳುತ್ತದೆ.

ಆದರೆ ಬಣ್ಣದಲ್ಲಿ ಅಡಗಿ ಜೇನಿಗೆ ಮೋಸ ಮಾಡುತ್ತದೆ, ಅಷ್ಟೇ ಕಥೆ ಅಂತ ಮುಗಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಮಕ್ಕಳಿಗೆ ಹೇಳುವಾಗಲೂ ಅಷ್ಟಕ್ಕೇ ನಿಲ್ಲಿಸುತ್ತೇವೆ. 2010ರಲ್ಲಿ ಯೂರೋಪಿನ ಸಂಶೋಧಕರು ಇದೇ ಮಿಸುಮೆನಾ ಜೇಡಗಳನ್ನು ಬಣ್ಣ ಹೊಂದುವ ಹೂವಿನಲ್ಲೂ ಹೊಂದದ ಹೂವಿನಲ್ಲೂ ನೋಡಿದರು. ಬಣ್ಣ ಹೊಂದದಿದ್ದರೂ ಬೇಟೆ ಬರುವುದು ಕಡಿಮೆ ಆಗಲಿಲ್ಲ. ಅದಕ್ಕೂ ಮೊದಲೇ, 2003ರಲ್ಲಿ, ಆಸ್ಟ್ರೇಲಿಯಾದಿಂದ ಬಂದ ಸುದ್ದಿ ಇನ್ನೂ ಆಶ್ಚರ್ಯದ್ದು. ಅಲ್ಲಿ ತೋಮಿಸಸ್ ಸ್ಪೆಕ್ಟಾಬಿಲಿಸ್ ಅನ್ನುವ ಏಡಿ ಜೇಡ ಬಿಳಿ ಡೇಸಿ ಹೂವಿನ ಮೇಲೆ ಕೂತಾಗ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಜೇನಿನ ಕಣ್ಣು ಹಾಗಲ್ಲ, ಅದಕ್ಕೆ ನಮಗೆ ಕಾಣದ ನೇರಳಾತೀತ ಬೆಳಕೂ ಕಾಣುತ್ತದೆ. ಆ ಬೆಳಕಿನಲ್ಲಿ ಹೂವು ಮಂಕು, ಜೇಡ ಹೊಳಪು. ಆ ಹೊಳಪೇ ಜೇನನ್ನು ಸೆಳೆಯುತ್ತದೆ! ಜೇಡ ಇಲ್ಲದ ಹೂವಿಗಿಂತ ಜೇಡ ಇರುವ ಹೂವಿಗೇ ಜೇನು ಜಾಸ್ತಿ ಬಂತು. ಈ ಜೇನು ಯೂರೋಪಿನಿಂದ ಆಸ್ಟ್ರೇಲಿಯಾಕ್ಕೆ ಹೋದದ್ದು, ಅಲ್ಲಿಯ ಜೇಡ ಅದಕ್ಕೆ ಹೊಸತು. ಅಲ್ಲಿಯದೇ ಆದ ಮುಳ್ಳಿಲ್ಲದ ಜೇನು, ನಮ್ಮ ಮುಜಂಟಿಯ ಸಂಬಂಧಿ, ಹೂವಿನ ಹತ್ತಿರದವರೆಗೆ ಬಂದು ಜೇಡ ಇರುವುದನ್ನು ಗುರುತಿಸಿ ಇಳಿಯದೆ ಹೋಗಿಬಿಡುತ್ತಿತ್ತು. ತಲೆಮಾರುಗಳಿಂದ ಜೊತೆಗೇ ಬದುಕಿದ್ದರಿಂದ ಬಂದ ತಿಳಿವಳಿಕೆ ಅದು.

ಇದು ದೂರದೇಶದ ಮಾತಷ್ಟೇ ಅಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನ ತೋಮಿಸಸ್ ಜೇಡದ ಕಣ್ಣಿನ ಬಗ್ಗೆಯೇ. ಜೇಡಕ್ಕೂ ನೇರಳಾತೀತ ಬೆಳಕು ಕಾಣುತ್ತದೆ, ಎಲ್ಲಿ ಕೂತು ಕಾಯಬೇಕು ಅನ್ನುವುದನ್ನು ಆರಿಸಲು ಅದನ್ನು ಬಳಸುತ್ತದೆ ಅಂತ ಅವರು ತೋರಿಸಿದರು. ಕರ್ನಾಟಕದಲ್ಲೇ ನಡೆದ ಇಂಥ ಕೆಲಸ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಒಂದು ಕಾಲಂ ಆಗಿಯಾದರೂ ಬರಬೇಕಿತ್ತು ಅನ್ನುವ ಕೊರಗು ನನಗೆ ಈಗಲೂ ಇದೆ.

ಯಾವ ಹೂವಿನಲ್ಲಿ ಕೂರಬೇಕು ಅನ್ನುವುದು ಆ ಜೇಡದ ಪಾಲಿಗೆ ಬದುಕಿನ ಪ್ರಶ್ನೆ. ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ ಡಗ್ಲಾಸ್ ಮೋರ್ಸ್ ಎಂಬ ವಿಜ್ಞಾನಿ ದಶಕಗಳ ಕಾಲ ಈ ಒಂದೇ ವಿಷಯದ ಹಿಂದೆ ಬಿದ್ದರು. ನಮ್ಮ ಎಕ್ಕದ ಗಿಡದ ಬಳಗಕ್ಕೆ ಸೇರಿದ ಮಿಲ್ಕ್‌ವೀಡ್ ಹೂಗೊಂಚಲುಗಳಲ್ಲಿ ಮಿಸುಮೆನಾ ಹೆಣ್ಣುಗಳನ್ನು ನೋಡುತ್ತ ಕೂತರು. ಒಳ್ಳೆಯ ಗೊಂಚಲು ಆರಿಸಿಕೊಂಡ ಹೆಣ್ಣು ಚೆನ್ನಾಗಿ ತಿಂದು ತೂಕ ಏರಿಸಿಕೊಳ್ಳುತ್ತದೆ. ತೂಕ ಜಾಸ್ತಿ ಆದಷ್ಟೂ ಮೊಟ್ಟೆ ಜಾಸ್ತಿ. ಹೂ ಒಣಗುವ ಮುಂಚೆ ಜಾಗ ಬದಲಾಯಿಸಬೇಕು, ತಡವಾದರೆ ಉಪವಾಸ. ಹೊರಗಿನಿಂದ ನೋಡಿದರೆ ಸುಮ್ನೆ ಕೂತ ಹಾಗೆ ಕಾಣುವ ಜೇಡ ಇಷ್ಟನ್ನೆಲ್ಲ ತೂಗಿ ನೋಡಿಯೇ ಕೂತಿರುತ್ತದೆ.

ಗಂಡನ್ನು ನೋಡಿದವರು ಕಡಿಮೆ. ಹೆಣ್ಣಿನ ಕಾಲು ಭಾಗವೂ ಇಲ್ಲ ಅನ್ನಿಸುವಷ್ಟು ಚಿಕ್ಕದು, ಬಣ್ಣ ಕಂದು. ಹೆಣ್ಣಿನ ಬೆನ್ನ ಮೇಲೋ ಹೊಟ್ಟೆಯ ಅಡಿಯಲ್ಲೋ ಅಂಟಿಕೊಂಡಿದ್ದರೆ ಮರಿ ಅಂದುಕೊಂಡುಬಿಡುತ್ತೇವೆ. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಹೂ ಬಿಟ್ಟು ಎಲೆಗೆ ಇಳಿಯುತ್ತದೆ. ಎಲೆಯ ಅಂಚನ್ನು ನೂಲಿನಿಂದ ಎಳೆದು ಮಡಿಸಿ, ಒಳಗೆ ಮೊಟ್ಟೆಯ ಚೀಲ ಮಾಡಿ, ಅದರ ಮೇಲೆಯೇ ಕಾವಲು ಕೂರುತ್ತದೆ. ಆಗ ಊಟ ಇಲ್ಲದ ಹಾಗೆಯೇ. ದಿನದಿಂದ ದಿನಕ್ಕೆ ಹೊಟ್ಟೆ ಒಣಗಿ ಸುಕ್ಕಾಗುತ್ತ ಹೋಗುತ್ತದೆ, ಮುಟ್ಟಿದರೂ ಬಿಟ್ಟು ಓಡುವುದಿಲ್ಲ. ಬೇರೆ ಹೊತ್ತಿನಲ್ಲಿ ನೆರಳು ಬಿದ್ದರೂ ದಳದ ಹಿಂದೆ ಸರಿಯುವ ಜೇಡ ಇದೇನಾ ಅನ್ನಿಸುತ್ತದೆ. ಎಲೆ ಮಡಿಸಿದೆ, ಏನೋ ಹುಳ ಇದೆ ಅಂತ ನಾವು ಕಿತ್ತು ಹೊಸಕಿ ಹಾಕುವುದು ಇದನ್ನೇ. ಎಲೆ ಸುರುಳಿ ಸುತ್ತುವ ಹುಳಗಳೂ ಇವೆ ನಿಜ, ಆದರೆ ಬಿಡಿಸಿ ನೋಡಲು ಅರ್ಧ ನಿಮಿಷ ಸಾಕು. ಒಳಗೆ ಹಿಕ್ಕೆ ಮತ್ತು ಕೆರೆದು ತಿಂದ ಎಲೆ ಇದ್ದರೆ ಹುಳ. ಬಿಳಿ ಚೀಲ ತಬ್ಬಿಕೊಂಡು ಕೂತ ತಾಯಿ ಇದ್ದರೆ ಎಲೆಯನ್ನು ಮತ್ತೆ ಮೆಲ್ಲಗೆ ಬಿಟ್ಟುಬಿಡಿ.

ಇದಕ್ಕೆ ಶತ್ರುಗಳಿಲ್ಲ ಅಂತೇನಲ್ಲ. ಗೋಡೆ ಮೂಲೆಯಲ್ಲಿ, ಕಿಟಕಿ ಚೌಕಟ್ಟಿನಲ್ಲಿ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳವನ್ನು ಎಲ್ಲರೂ ನೋಡಿದ್ದೀರಿ. ಅವುಗಳಲ್ಲಿ ಜೇಡವನ್ನೇ ಹುಡುಕಿ ಹಿಡಿಯುವವು ಇವೆ. ಚುಚ್ಚಿ ಮರಗಟ್ಟಿಸಿ, ಜೀವ ಇರುವಾಗಲೇ ತಂದು ಗೂಡಿನಲ್ಲಿ ತುಂಬುತ್ತವೆ, ಮರಿಗೆ ಊಟ. ಬಿದ್ದುಹೋದ ಗೂಡನ್ನು ಒಡೆದು ನೋಡಿದರೆ ಬೇರೆ ಜೇಡಗಳ ಜೊತೆಗೆ ಹಳದಿ, ಬಿಳಿ ಏಡಿ ಜೇಡಗಳೂ ಸಿಗುತ್ತವೆ. ಹಕ್ಕಿ, ಓತಿಕ್ಯಾತ ಬೇರೆ. ಸಂಖ್ಯೆ ಹದ್ದುಬಸ್ತಿನಲ್ಲಿಡಲು ಇವರೆಲ್ಲ ಇದ್ದಾರೆ, ನಮ್ಮ ಔಷಧಿ ಬೇಕಿಲ್ಲ.

ನೋಡಬೇಕು ಅನ್ನುವವರಿಗೆ ನಾಲ್ಕು ಮಾತು. ಜೇಡವನ್ನೇ ಹುಡುಕಲು ಹೋದರೆ ಸಿಗುವುದಿಲ್ಲ, ಬೇಟೆಯನ್ನು ಹುಡುಕಿ. ನೀವು ಹತ್ತಿರ ಹೋದರೂ ಹಾರದ ಚಿಟ್ಟೆ, ತಲೆ ಕೆಳಗಾಗಿ ನೇತಾಡುವ ಜೇನು, ಹೂವಿನ ಅಂಚಿನಲ್ಲಿ ಸೊಟ್ಟಗೆ ನಿಂತ ನೊಣ ಕಂಡರೆ ಅದರ ಕೆಳಗೆ ಜೇಡ ಇದ್ದೇ ಇರುತ್ತದೆ. ದಳಗಳ ಹಿಂಬದಿ ನೋಡಿ. ಇನ್ನೊಂದು ಗುರುತು, ದಳಗಳ ಸಾಲಿನಲ್ಲಿ ಏನೋ ಒಂದು ಜಾಸ್ತಿ ಅನ್ನಿಸುವುದು. ಸೇವಂತಿಗೆಯಲ್ಲಿ ಎಲ್ಲ ದಳಗಳೂ ಒಂದೇ ಕಡೆ ಹೊರಟಿರುವಾಗ ಒಂದು ಜೋಡಿ ಮಾತ್ರ ಅಡ್ಡ ಚಾಚಿದ್ದರೆ ಅದು ದಳ ಅಲ್ಲ, ಕಾಲು. ಸೂರ್ಯ ನಿಮ್ಮ ಬೆನ್ನಿಗೆ ಇರದ ಹಾಗೆ ನಿಲ್ಲಿ, ನೆರಳು ಬಿದ್ದರೆ ಅದು ಅಡಗುತ್ತದೆ. ನಮ್ಮ ಕಡೆ ಮುಂಗಾರು ಇಳಿದು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಹೂವೂ ಜಾಸ್ತಿ, ಜೇಡವೂ ಜಾಸ್ತಿ. ಚಾಮುಂಡಿ ಬೆಟ್ಟದ ಮೆಟ್ಟಿಲ ಬದಿಯ ಹಳದಿ ತಂಗಡಿ ಹೂವು, ಲಿಂಗಾಂಬುಧಿ ಕೆರೆಯ ಸುತ್ತಿನ ಪೊದೆಗಳು, ಎಲ್ಲಕ್ಕಿಂತ ಹೆಚ್ಚಾಗಿ ರಾಗಿ ಹೊಲದ ಅಂಚಿನ ಹುಚ್ಚೆಳ್ಳು. ಹುಚ್ಚೆಳ್ಳು ಹೂಬಿಟ್ಟಾಗ ಬದುವಿನ ಮೇಲೆ ಕೂತು ಒಂದೇ ಸಾಲಿನ ಗಿಡಗಳನ್ನು ನೋಡುತ್ತ ಹೋಗಿ, ಬೇರೆಲ್ಲೂ ತಿರುಗುವುದು ಬೇಡ. ಲಂಟಾನ ಪೊದೆಯಲ್ಲೂ ಸಿಗುತ್ತವೆ, ಲಂಟಾನ ನಮ್ಮ ಕಾಡುಗಳನ್ನು ನುಂಗುತ್ತಿರುವುದು ಬೇರೆಯೇ ನೋವು.

ಹೂವಿನಾಚೆಗೂ ಇವರ ಬಳಗ ಇದೆ. ಮಲೆನಾಡು, ಕರಾವಳಿಯವರಿಗೆ ಮರದ ಎಲೆ ಹೆಣೆದು ಗೂಡು ಕಟ್ಟುವ ಕೆಂಪು ಚಗಳಿ ಇರುವೆ ಗೊತ್ತು. ಆ ಇರುವೆಯ ವೇಷದಲ್ಲೇ ಓಡಾಡುವ ಏಡಿ ಜೇಡ ಒಂದಿದೆ, ಅಮೈಸಿಯಾ ಅಂತ. ಮೈಬಣ್ಣ ಅದೇ ಕೆಂಪು, ಹೊಟ್ಟೆಯ ತುದಿಯಲ್ಲಿ ಕಣ್ಣಿನ ಹಾಗೆ ಎರಡು ಕಪ್ಪು ಚುಕ್ಕೆ. ಮಾವಿನ ಮರದ ಗೂಡಿನ ಆಸುಪಾಸಿನಲ್ಲಿ ಇದ್ದು ಒಂಟಿಯಾಗಿ ಸಿಕ್ಕ ಇರುವೆಯನ್ನು ಹಿಡಿಯುತ್ತದೆ. ಎಲೆಯ ಹಸಿರಿನಲ್ಲೇ ಮುಳುಗಿರುವ ಆಕ್ಸಿಟೇಟ್, ಘಟ್ಟದ ಕಾಡಿನಲ್ಲಿ ಹಕ್ಕಿ ಹಿಕ್ಕೆಯ ಹಾಗೆಯೇ ಎಲೆಯ ಮೇಲೆ ಬಿದ್ದುಕೊಂಡಿರುವ ಫ್ರೈನರಾಕ್ನೆ, ಇವೆಲ್ಲ ಇವರ ದಾಯಾದಿಗಳೇ.

ಫೋಟೋ ತೆಗೆಯುವವರಿಗೂ ಒಂದು ಮಾತು ಹೇಳಬೇಕು. ಈಗ ಮೊಬೈಲಿಗೇ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಬಂದಿದೆ, ಶಾಲೆ ಮಕ್ಕಳೂ ಚಂದದ ಫೋಟೋ ತೆಗೆಯುತ್ತಾರೆ, ನನಗೆ ಅದು ಬಹಳ ಸಂತೋಷ. ಆದರೆ ಬಿಳಿ ಜೇಡವನ್ನು ಕೆಂಪು ದಾಸವಾಳದ ಮೇಲೆ ಇಟ್ಟರೆ ಚೆನ್ನಾಗಿ ಬರುತ್ತದೆ ಅಂತ ಎತ್ತಿ ಇಡುವುದು, ಅಲುಗಾಡಬಾರದು ಅಂತ ಫ್ರಿಜ್‌ನಲ್ಲಿ ಇಡುವುದು, ಹೂವನ್ನೇ ಕೊಯ್ದು ಮನೆಗೆ ತರುವುದು, ಇವು ಬೇಡ. ಅದು ದಿನಗಟ್ಟಲೆ ಹುಡುಕಿ ಹಿಡಿದ ಜಾಗವನ್ನು ನಾವು ಒಂದು ಫೋಟೋಕ್ಕಾಗಿ ಕಸಿದ ಹಾಗೆ. ಇದ್ದಲ್ಲೇ ತೆಗೆದು, ಯಾವ ಹೂವು, ಯಾವ ಊರು, ಯಾವ ದಿನ ಅನ್ನುವುದನ್ನು ಬರೆದು ಐನ್ಯಾಚುರಲಿಸ್ಟ್‌ನಂಥ ಜಾಲತಾಣದಲ್ಲಿ ಹಾಕಿದರೆ ಜೇಡ ಬಲ್ಲವರು ಜಾತಿ ಗುರುತಿಸಲು ಸಹಾಯ ಮಾಡುತ್ತಾರೆ. ಹೂವಿನ ಹೆಸರು ಬರೆಯುವುದನ್ನು ಮಾತ್ರ ಮರೆಯಬೇಡಿ, ಎಲ್ಲರೂ ಬಿಡುವುದು ಅದನ್ನೇ, ಮುಂದೆ ಹೆಚ್ಚು ಬೇಕಾಗುವುದೂ ಅದೇ.

ಇನ್ನು ಆ ಓದುಗರ ಪ್ರಶ್ನೆಗೆ ನನ್ನ ಉತ್ತರ. ಹೂ ಕೀಳುವ ಮುಂಚೆ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ಎರಡು ಸಲ ತಟ್ಟಿ. ಜೇಡ ಇದ್ದರೆ ಒಂದು ಎಳೆ ನೂಲು ಬಿಟ್ಟು ಕೆಳಗಿನ ಎಲೆಗೆ ಇಳಿದುಹೋಗುತ್ತದೆ. ಕೈಮೇಲೆ ಹತ್ತಿದರೂ ಭಯ ಬೇಡ. ಅದು ಕಚ್ಚಲು ಬರುವುದಿಲ್ಲ, ಅದರ ವಿಷ ಮನುಷ್ಯರಿಗೆ ಅಪಾಯದ್ದಲ್ಲ, ಅದರ ಪುಟ್ಟ ಹಲ್ಲು ನಮ್ಮ ಚರ್ಮ ದಾಟುವುದೇ ಕಷ್ಟ. ಒಂದು ಎಲೆ ಹಿಡಿದರೆ ಅದರ ಮೇಲೆ ನಡೆದು ಹೋಗುತ್ತದೆ. ಎಲ್ಲ ಹೂವನ್ನೂ ಕಿತ್ತುಬಿಡದೆ ಗಿಡದಲ್ಲಿ ಒಂದೆರಡನ್ನು ಬಿಟ್ಟರೆ ಅಲ್ಲೇ ಉಳಿಯುತ್ತದೆ. ಗಿಡಹೇನು, ಹಿಟ್ಟು ತಿಗಣೆ ನಿಜಕ್ಕೂ ಇದ್ದರೆ ನೀರು ರಭಸವಾಗಿ ಬಿಟ್ಟು ಎಲೆಯ ಅಡಿ ತೊಳೆಯಿರಿ, ತುಂಬಾ ಮುತ್ತಿದ ಟೊಂಗೆಯನ್ನು ಕತ್ತರಿಸಿ ತೆಗೆಯಿರಿ. ಬೇವಿನ ಎಣ್ಣೆ ಹೊಡೆಯಲೇಬೇಕು ಅಂತಿದ್ದರೆ ಅದು ಕೂಡ ಸಂಜೆ, ಹುಳ ಇರುವ ಕಡೆಗೆ ಮಾತ್ರ, ಅರಳಿದ ಹೂವಿಗೆ ಬೇಡ.

ಸಂಪಾದಕರೇ, ನನ್ನ ಕೋರಿಕೆ ಎರಡು. ಮುಂದಿನ ವಾರದ ಕೈತೋಟದ ಪುಟದಲ್ಲಿ, ಮೊದಲಿನ ಉತ್ತರ ಬಂದ ಜಾಗದಲ್ಲೇ, ಏಡಿ ಜೇಡಕ್ಕೆ ಔಷಧಿ ಬೇಡ ಅನ್ನುವ ತಿದ್ದುಪಡಿ ಹಾಕಿ. ಒಳಪುಟದ ಮೂಲೆಯಲ್ಲಿ ಬೇಡ, ಔಷಧಿ ಹೊಡೆಯಿರಿ ಅಂತ ಓದಿದವರೇ ಇದನ್ನೂ ಓದಬೇಕು. ಇನ್ನೊಂದು, ಹುಚ್ಚೆಳ್ಳು ಹೂಬಿಡುವ ತಿಂಗಳುಗಳಲ್ಲಿ ಓದುಗರು, ಅದರಲ್ಲೂ ಹಳ್ಳಿ ಶಾಲೆಗಳ ಮಕ್ಕಳು, ತಮ್ಮ ಹೊಲ ಹಿತ್ತಲಿನ ಹೂವಿನಲ್ಲಿ ಕಂಡ ಜೇಡಗಳ ಫೋಟೋ ಮತ್ತು ನಾಲ್ಕು ಸಾಲು ಕಳಿಸಲು ವಾರಕ್ಕೊಮ್ಮೆ ಅರ್ಧ ಕಾಲಂ ಜಾಗ ಕೊಡಿ. ಬಂದ ಫೋಟೋಗಳಲ್ಲಿ ಹೂವು ಯಾವುದು ಅಂತ ಗುರುತಿಸುವ ಕೆಲಸವನ್ನು ನಾನು ಸಂತೋಷದಿಂದ ಮಾಡಿಕೊಡುತ್ತೇನೆ. ಜೇಡ ಬಲ್ಲವರು ವಿಶ್ವವಿದ್ಯಾಲಯಗಳಲ್ಲಿ, ಕೃಷಿ ಕಾಲೇಜುಗಳಲ್ಲಿ ಇದ್ದಾರೆ, ನೀವು ಕೇಳಿದರೆ ಇಲ್ಲ ಅನ್ನಲಾರರು.

ಇಂತಿ,
ನಿಮ್ಮ ಓದುಗ
ಮೈಸೂರು